ಕಥೆ ಹೇಳದ ಕಂಪನಿ

ರಾಬರ್ಟ್ ಆಲ್ಟ್‌ಮನ್ ನಿರ್ದೇಶನದ ‘ದಿ ಕಂಪನಿ’ ಚಿತ್ರವನ್ನು ಮೊದಲ ಸಲ ನೋಡಲು ಕುಳಿತಾಗ ನಾನು ಅರ್ಧಕ್ಕೇ ನಿಲ್ಲಿಸಿ ಎದ್ದಿದ್ದೆ. ಶಿಕಾಗೋದ ಜಾಫ್ರಿ ಬ್ಯಾಲೆ ಎಂಬ ನೃತ್ಯ ಕಂಪನಿಯ ಒಳಹೊಕ್ಕು, ಅಲ್ಲಿನ ನರ್ತಕರನ್ನೇ ಪಾತ್ರಧಾರಿಗಳನ್ನಾಗಿ ಇಟ್ಟುಕೊಂಡು ತೆಗೆದ, 2003ರಲ್ಲಿ ತೆರೆ ಕಂಡ ಚಿತ್ರ ಅದು. ಮುಕ್ಕಾಲು ಗಂಟೆ ಕಳೆದರೂ ಕಥೆ ಶುರುವಾಗುವ ಲಕ್ಷಣ ಕಾಣಲಿಲ್ಲ. ನೃತ್ಯದ ಸಿನಿಮಾ ಎಂದರೆ ಒಬ್ಬ ಹುಡುಗಿ ಇರಬೇಕು, ಅವಳಿಗೊಬ್ಬ ನಿರ್ದಯ ಗುರು ಇರಬೇಕು, ಅಸೂಯೆಯಿಂದ ಬೇಯುವ ಗೆಳತಿಯೊಬ್ಬಳು ಇರಬೇಕು, ಕೊನೆಗೆ ಅವಳು ಗೆಲ್ಲಬೇಕು ಇಲ್ಲವೇ ಸಾಯಬೇಕು ಎಂದು ನಾನು ನಂಬಿದ್ದ ಕಾಲವದು. 1948ರ ‘ದಿ ರೆಡ್ ಶೂಸ್’ ನೋಡಿದವರಿಗೆ ಹಾಗೆ ನಂಬಲು ಕಾರಣವೂ ಇತ್ತು. ಇಲ್ಲಿ ನೋಡಿದರೆ ಹುಡುಗಿ ಇದ್ದಾಳೆ, ಆದರೆ ಕ್ಯಾಮೆರಾ ಅವಳನ್ನು ಬಿಟ್ಟು ಯಾವಾಗೆಂದರೆ ಆವಾಗ ಬೇರೆಯವರ ಹಿಂದೆ ಹೊರಟುಬಿಡುತ್ತದೆ. ಇಬ್ಬರು ಮಾತನಾಡುತ್ತಿರುವಾಗ ಮೂರನೆಯವರ ಮಾತು ಮೇಲೆ ಬಂದು ಬೀಳುತ್ತದೆ. ಯಾರೋ ಹೊದಿಕೆ ಹುಡುಕುತ್ತಾರೆ, ಇನ್ಯಾರೋ ಕಾಲ್ಬೆರಳಿಗೆ ಟೇಪು ಸುತ್ತಿಕೊಳ್ಳುತ್ತಾರೆ, ಮತ್ತೆ ಅಭ್ಯಾಸ, ಮತ್ತೆ ಪ್ರದರ್ಶನ.

ಎಷ್ಟೋ ವರ್ಷಗಳ ನಂತರ, ಬೇರೇನೂ ನೋಡಲು ಮನಸ್ಸಾಗದ ಒಂದು ರಾತ್ರಿ ಅದೇ ಚಿತ್ರವನ್ನು ಮತ್ತೆ ಹಾಕಿದೆ. ಈ ಸಲ ಎದ್ದುಹೋಗಲಿಲ್ಲ. ಇದಕ್ಕೆ ನಾನು ಕೊಟ್ಟುಕೊಂಡ ಸಮಜಾಯಿಷಿ ಸ್ವಲ್ಪ ವಿಚಿತ್ರವಾದದ್ದು: ಚಿತ್ರದ ಹೆಸರನ್ನು ಕನ್ನಡದ ಕಿವಿಯಿಂದ ಕೇಳಿಸಿಕೊಂಡೆ. ನಮ್ಮಲ್ಲಿ ‘ಕಂಪನಿ’ ಎಂದರೆ ಕಾರ್ಖಾನೆ, ಕಚೇರಿ ಮಾತ್ರವಲ್ಲ, ಅದು ನಾಟಕದವರ ಪದವೂ ಆಗಿತ್ತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಗೆ ಉದ್ದನೆಯ ಸಂಸ್ಕೃತದ ಹೆಸರೊಂದು ಇದ್ದರೂ ಜನರ ಬಾಯಲ್ಲಿ ಉಳಿದದ್ದು ‘ಕಂಪನಿ’ ಎಂಬುದೇ. ಹಳ್ಳಿಯ ಹಿರಿಯರು ‘ಈ ಸಲ ಜಾತ್ರೆಗೆ ಕಂಪನಿ ಬಂದಿದೆ’ ಎಂದರೆ ಬಂದದ್ದು ಒಂದು ನಾಟಕವೆಂದು ಯಾರೂ ತಿಳಿಯುತ್ತಿರಲಿಲ್ಲ. ಪರದೆ, ಪೆಟ್ಟಿಗೆ, ಹಾರ್ಮೋನಿಯಂ, ಅಡುಗೆಯವರು, ಸಂಬಳ ಬಾಕಿ, ಜಗಳ, ಮಾಲೀಕರು, ಮಕ್ಕಳುಮರಿ ಎಲ್ಲವೂ ಸೇರಿ ಬಂದಿರುತ್ತಿತ್ತು. ಆಲ್ಟ್‌ಮನ್ ತೋರಿಸಲು ಹೊರಟದ್ದು ಆ ಅರ್ಥದ ಕಂಪನಿಯನ್ನು ಎಂದು ಹೊಳೆದ ಮೇಲೆ ಕಥೆಗಾಗಿ ಕಾಯುವುದನ್ನು ಬಿಟ್ಟೆ.

ಈ ಚಿತ್ರ ಆಲ್ಟ್‌ಮನ್ ಅವರ ತಲೆಯಲ್ಲಿ ಹುಟ್ಟಿದ್ದಲ್ಲ. ಇದನ್ನು ಬಯಸಿದ್ದು ನಟಿ ನೆವ್ ಕ್ಯಾಂಪ್‌ಬೆಲ್. ‘ಸ್ಕ್ರೀಮ್’ ಎಂಬ ಭಯಾನಕ ಚಿತ್ರದಿಂದ ಹೆಸರಾದ ಆಕೆ ಬಾಲ್ಯದಲ್ಲಿ ಟೊರಾಂಟೋದ ಕೆನಡಾ ರಾಷ್ಟ್ರೀಯ ಬ್ಯಾಲೆ ಶಾಲೆಯಲ್ಲಿ ಕಲಿತು, ಪೆಟ್ಟುಗಳಿಂದಲೂ ಒತ್ತಡದಿಂದಲೂ ಬಳಲಿ ಹದಿಹರೆಯದಲ್ಲೇ ಆ ದಾರಿಯನ್ನು ಬಿಟ್ಟಿದ್ದವರು. ಬಿಟ್ಟುಬಂದ ಮನೆಯನ್ನು ದೊಡ್ಡವರಾದ ಮೇಲೆ ಒಮ್ಮೆ ಹೊಕ್ಕು ನೋಡುವ ಆಸೆ ಅವರದಾಗಿತ್ತೇನೋ. ಚಿತ್ರಕಥೆ ಬರೆದ ಬಾರ್ಬರಾ ಟರ್ನರ್ ಜಾಫ್ರಿ ಕಂಪನಿಯ ಜೊತೆ ದೀರ್ಘ ಕಾಲ ಇದ್ದು, ಅಲ್ಲಿನ ಮಾತುಗಳನ್ನು ಕೇಳಿಸಿಕೊಂಡು ಬರೆದರು. ಆಲ್ಟ್‌ಮನ್ ಮೊದಲಿಗೆ, ಬ್ಯಾಲೆಯ ಬಗ್ಗೆ ನನಗೇನೂ ಗೊತ್ತಿಲ್ಲ, ಇದಕ್ಕೆ ತಕ್ಕ ಮನುಷ್ಯ ನಾನಲ್ಲ ಎಂದು ಹಿಂದೆ ಸರಿದಿದ್ದರು. ಆ ಅಜ್ಞಾನವೇ ಚಿತ್ರಕ್ಕೆ ಒದಗಿಬಂತೆಂದು ನನಗನ್ನಿಸುತ್ತದೆ. ಬ್ಯಾಲೆಯನ್ನು ಆರಾಧಿಸುವ ನಿರ್ದೇಶಕನೊಬ್ಬನ ಕೈಯಲ್ಲಿ ಇದು ಸಿಕ್ಕಿದ್ದರೆ ಪ್ರತಿಯೊಂದು ಜಿಗಿತಕ್ಕೂ ನಿಧಾನಗತಿಯ ಚಿತ್ರಣ, ಪ್ರತಿಯೊಂದು ಬೆವರ ಹನಿಗೂ ಪಿಟೀಲು ಸಿಗುತ್ತಿತ್ತು. ಆಲ್ಟ್‌ಮನ್ ಅವರ ಕುತೂಹಲವೆಲ್ಲ, ಇಷ್ಟೊಂದು ಜನ ಒಂದು ಸೂರಿನಡಿ ಹೇಗೆ ಬದುಕುತ್ತಾರೆ ಎಂಬುದರ ಮೇಲಿದೆ. 1975ರ ‘ನ್ಯಾಶ್‌ವಿಲ್’ ಚಿತ್ರದಲ್ಲಿ ಒಂದು ಊರನ್ನೇ ತುಂಬಿಕೊಂಡಂತೆ ಇಪ್ಪತ್ತನಾಲ್ಕು ಮುಖ್ಯ ಪಾತ್ರಗಳನ್ನು ನಡೆಸಿದ್ದ ಅವರಿಗೆ ಗುಂಪು ಎಂದೂ ಗೊಂದಲವಾಗಿ ಕಂಡದ್ದಿಲ್ಲ.

ಆಯ್ದುಕೊಂಡ ಕಂಪನಿಯೂ ಇಂಥ ನೋಟಕ್ಕೆ ಒಪ್ಪುವಂಥದ್ದೇ. ರಾಬರ್ಟ್ ಜಾಫ್ರಿಯವರ ಹುಟ್ಟುಹೆಸರಿನಲ್ಲಿ ಅಬ್ದುಲ್ಲಾ, ಜಾಫಾ, ಖಾನ್ ಎಂಬ ಪದಗಳಿದ್ದವು. ತಂದೆ ಆಫ್ಘಾನಿಸ್ತಾನದಿಂದ ಸಿಯಾಟಲ್‌ಗೆ ಬಂದು ನೆಲೆಸಿದವರು, ತಾಯಿ ಇಟಲಿಯ ಮೂಲದವರು. ಅದೇ ಊರಿಗೆ ಕೋಸ್ಟ್ ಗಾರ್ಡ್ ಸೇವೆಯ ಮೇಲೆ ಬಂದಿದ್ದ, ನ್ಯೂಯಾರ್ಕಿನ ಇಟಾಲಿಯನ್ ಕುಟುಂಬದ ಜೆರಾಲ್ಡ್ ಆರ್ಪಿನೋ ಅವರ ಜೊತೆಗೂಡಿ ಜಾಫ್ರಿ ಕಟ್ಟಿದ ಕಂಪನಿ 1956ರಲ್ಲಿ ಆರು ಮಂದಿ ನರ್ತಕರೊಂದಿಗೆ, ಎರವಲು ತಂದ ಒಂದು ಸ್ಟೇಷನ್ ವ್ಯಾಗನ್ ಕಾರಿನಲ್ಲಿ ಅಮೆರಿಕದ ಊರೂರು ತಿರುಗಲು ಹೊರಟಿತು. ಜಾಫ್ರಿಯವರು ಮಾತ್ರ ನ್ಯೂಯಾರ್ಕಿನಲ್ಲೇ ಉಳಿದು ನೃತ್ಯ ಕಲಿಸಿ, ಬಂದ ಸಂಪಾದನೆಯಿಂದ ಊರೂರಿನಲ್ಲಿದ್ದ ತಮ್ಮ ಕಂಪನಿಯನ್ನು ಸಾಕುತ್ತಿದ್ದರು. 1962ರ ಕೊನೆಯಿಂದ 1963ರ ಆರಂಭದವರೆಗೆ ಅಮೆರಿಕ ಸರ್ಕಾರದ ಪರವಾಗಿ ಮಾಡಿದ ದೊಡ್ಡ ತಿರುಗಾಟದಲ್ಲಿ ಇದೇ ಕಂಪನಿ ಭಾರತಕ್ಕೂ ಆಫ್ಘಾನಿಸ್ತಾನಕ್ಕೂ ಬಂದುಹೋಗಿದೆ. ಹಣ ಕೊಡುತ್ತಿದ್ದ ಶ್ರೀಮಂತ ಮಹಿಳೆ ರೆಬೆಕಾ ಹಾರ್ಕ್‌ನೆಸ್ ಕಂಪನಿಗೆ ತಮ್ಮ ಹೆಸರಿಡಬೇಕೆಂದಾಗ ಜಾಫ್ರಿ ಒಪ್ಪಲಿಲ್ಲ. 1964ರಲ್ಲಿ ಆಕೆ ಹೊರನಡೆದಾಗ ನರ್ತಕರಲ್ಲಿ ಬಹುಪಾಲು ಮಂದಿಯೂ, ಕಟ್ಟಿಬೆಳೆಸಿದ್ದ ನೃತ್ಯಗಳೂ ಆಕೆಯ ಹಿಂದೆಯೇ ಹೋದವು. ಉಳಿದದ್ದು ಒಂದು ಹೆಸರು. ಆ ಹೆಸರಿನ ಮೇಲೆ ಮತ್ತೆ ಕಂಪನಿ ಕಟ್ಟಿದರು. 1988ರಲ್ಲಿ ಜಾಫ್ರಿ ತೀರಿಕೊಂಡ ಮೇಲೆ ಆರ್ಪಿನೋ ಅದನ್ನು ವಹಿಸಿಕೊಂಡು, 1995ರಲ್ಲಿ ಸಾಲದ ಹೊರೆಯ ಜೊತೆಗೇ ನ್ಯೂಯಾರ್ಕಿನಿಂದ ಶಿಕಾಗೋಗೆ ಕರೆತಂದರು.

ಈ ಕಂಪನಿಯ ಇನ್ನೊಂದು ನಡವಳಿಕೆ ಚಿತ್ರಕ್ಕೆ ಬಹಳ ಮುಖ್ಯ. ಪ್ಯಾರಿಸ್ ಒಪೆರಾದ ಬ್ಯಾಲೆಯಲ್ಲಿ ಐದು ಮೆಟ್ಟಿಲುಗಳಿವೆ. ತೀರಾ ಕೆಳಗಿನ ಗುಂಪಿನ ನರ್ತಕಿಯಿಂದ ‘ಎತ್ವಾಲ್’ ಅಂದರೆ ತಾರೆ ಎಂಬ ಪಟ್ಟದವರೆಗೆ ಒಂದೊಂದೇ ಏರಬೇಕು. ಜಾಫ್ರಿಯಲ್ಲಿ ಪಟ್ಟವೇ ಇಲ್ಲ. ಇಂದು ಮುಂದೆ ನಿಂತವಳು ನಾಳೆ ಹಿಂದಿನ ಸಾಲಿನಲ್ಲಿರುತ್ತಾಳೆ. ತಾರೆಯಿಲ್ಲದ ಕಂಪನಿಯ ಬಗ್ಗೆ ತಾರೆಯಿಲ್ಲದ ಚಿತ್ರವನ್ನೇ ಮಾಡಬೇಕಲ್ಲವೇ? ಹಣ ಹೊಂದಿಸುವ ಅನಿವಾರ್ಯಕ್ಕೆ ಕ್ಯಾಂಪ್‌ಬೆಲ್ ಅವರ ಮುಖ ಪೋಸ್ಟರಿನಲ್ಲಿದೆ. ಚಿತ್ರದೊಳಗೆ ಅವರ ಪಾತ್ರವಾದ ರೈ ಎಂಬ ಹುಡುಗಿ ಹಲವರಲ್ಲಿ ಒಬ್ಬಳು. ಹಗಲೆಲ್ಲ ಅಭ್ಯಾಸ ಮಾಡಿ ರಾತ್ರಿ ಬಾರೊಂದರಲ್ಲಿ ಕೆಲಸಕ್ಕೆ ಹೋಗುತ್ತಾಳೆ, ಏಕೆಂದರೆ ಅಮೆರಿಕದ ಅಂಥ ದೊಡ್ಡ ಕಂಪನಿಯ ನರ್ತಕಿಗೂ ಸಂಬಳ ಸಾಲುವುದಿಲ್ಲ. ಬಾಡಿಗೆ ಕೊಡಲಾಗದ ನರ್ತಕನೊಬ್ಬ ಇಂದು ರಾತ್ರಿ ಯಾರ ಮನೆಯಲ್ಲಿ ಮಲಗಲಿ ಎಂದು ಕೇಳುತ್ತ ತಿರುಗುತ್ತಾನೆ. ಒಂದು ಪುಟ್ಟ ಮನೆಯ ನೆಲದ ತುಂಬ ಕೈಕಾಲುಗಳು ಹರಡಿಕೊಂಡು ಹಲವರು ನಿದ್ದೆಹೋಗಿರುವ ದೃಶ್ಯವೊಂದಿದೆ. ವೇದಿಕೆಯ ಮೇಲೆ ಗಾಳಿಯಂತೆ ಕಾಣುವ ಮೈಗಳು ಇಲ್ಲಿ ಮೂಟೆಗಳಂತೆ ಬಿದ್ದಿರುವುದನ್ನು ಕ್ಯಾಮೆರಾ ಕರುಣೆಯನ್ನಾಗಲಿ ತಮಾಷೆಯನ್ನಾಗಲಿ ಬೆರೆಸದೆ ನೋಡಿ ಮುಂದೆ ಹೋಗುತ್ತದೆ.

ಆರ್ಪಿನೋ ಅವರನ್ನೇ ಮಾದರಿಯಾಗಿಟ್ಟುಕೊಂಡ ಪಾತ್ರ ಆಲ್ಬರ್ಟೋ ಆಂಟೊನೆಲಿ. ಎಲ್ಲರಿಗೂ ಅವರು ‘ಮಿಸ್ಟರ್ ಎ’. ಬ್ರಿಟಿಷ್ ನಟ ಮಾಲ್ಕಮ್ ಮೆಕ್‌ಡೊವೆಲ್ ಆ ಪಾತ್ರವನ್ನು ಆಡಿದ ರೀತಿಯಲ್ಲಿ ನಾಟಕ ಕಂಪನಿಯ ಮಾಲೀಕರ ಛಾಯೆ ಎಷ್ಟಿದೆಯೆಂದರೆ, ಭಾಷೆಯೊಂದನ್ನು ಬಿಟ್ಟರೆ ನಮ್ಮವರೇ ಎನ್ನಿಸಿಬಿಡುತ್ತಾರೆ. ಕಂಪನಿಯ ಎಲ್ಲರನ್ನೂ ಮಕ್ಕಳೇ ಎಂದು ಕರೆಯುವುದು, ಹೊಗಳುತ್ತಲೇ ಪಾತ್ರ ಕಿತ್ತುಕೊಳ್ಳುವುದು, ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಭುಜ ತಟ್ಟಿ ಮುಂದೆ ನಡೆಯುವುದು, ಹಣದ ಮಾತು ಬಂದ ಕೂಡಲೇ ಕಲೆಯ ಮಾತು ತೆಗೆಯುವುದು, ಕಲೆಯ ಮಾತು ಬಂದ ಕೂಡಲೇ ಬಜೆಟ್ ನೆನಪಿಸುವುದು. ಅವರು ಕೆಟ್ಟವರಲ್ಲ. ಒಳ್ಳೆಯವರೆಂದು ಹೇಳಲೂ ಧೈರ್ಯ ಸಾಲದು. ವರ್ಷದ ಕೊನೆಯ ಕೂಟದಲ್ಲಿ ನರ್ತಕರೆಲ್ಲ ಸೇರಿ ಅವರನ್ನೇ ಅಣಕಿಸುವ ಪ್ರಹಸನ ಆಡುತ್ತಾರೆ. ವರ್ಷವಿಡೀ ಬಾಯಿಮುಚ್ಚಿಕೊಂಡಿದ್ದವರು ಆಡಬೇಕಾದದ್ದನ್ನೆಲ್ಲ ಅಲ್ಲಿ ವೇಷದ ಮರೆಯಲ್ಲಿ ಆಡಿಬಿಡುತ್ತಾರೆ. ಇನ್ನೊಂದು ಕಡೆ ಇಟಾಲಿಯನ್ ಮೂಲದವರ ಸಮಾರಂಭವೊಂದರಲ್ಲಿ ಸನ್ಮಾನ ಸ್ವೀಕರಿಸಲು ನಿಂತ ಮಿಸ್ಟರ್ ಎ, ಕೃತಜ್ಞತೆಯ ಮಾತು ಆಡಬೇಕಾದ ಹೊತ್ತಿನಲ್ಲಿ, ಕುಣಿಯಲು ಆಸೆಪಟ್ಟ ಗಂಡುಮಕ್ಕಳನ್ನು ನೀವು ಹೇಗೆ ನಡೆಸಿಕೊಂಡಿರಿ ಎಂದು ಸಭಿಕರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾರೆ. ಇಡೀ ಚಿತ್ರದಲ್ಲಿ ಅವರು ನಟಿಸದೆ ಮಾತನಾಡಿದ್ದು ಆ ಒಂದೇ ಸಂದರ್ಭದಲ್ಲಿ ಎಂದು ನನಗೆ ತೋರಿತು.

ಇನ್ನು ಪೆಟ್ಟಿನ ವಿಷಯ. ಅಭ್ಯಾಸದ ನಡುವೆ ಹಿರಿಯ ನರ್ತಕಿಯೊಬ್ಬಳು ಜಿಗಿದು ಇಳಿಯುತ್ತಾಳೆ. ಟಪ್ಪೆಂಬ ಸಣ್ಣ ಸದ್ದು. ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು, ದೇಹದ ಅತಿ ದಪ್ಪ, ಅತಿ ಬಲವಾದ ರಜ್ಜು, ಹರಿದಿದೆ. ಕಿರುಚಾಟವಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಅವಳು ನೆಲದ ಮೇಲೆ ಕೂರುತ್ತಾಳೆ. ಏನಾಯಿತೆಂದು ಅವಳಿಗೂ ಗೊತ್ತು, ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತು. ಆ ಕ್ಷಣದಲ್ಲಿ ಉಳಿದವರ ಮುಖಗಳಲ್ಲಿ ಕಂಡದ್ದು ಬರೀ ಮರುಕವೆನ್ನಲಾರೆ. ತಮ್ಮ ತಮ್ಮ ಹಿಮ್ಮಡಿಯನ್ನು ಒಳಗೊಳಗೇ ಮುಟ್ಟಿನೋಡಿಕೊಳ್ಳುವ ಭಯವೂ ಅದರಲ್ಲಿತ್ತು. ನಟನಟಿಯರಿಂದ ಹೀಗೆ ಮಾಡಿಸುವುದು ಕಷ್ಟ. ಇವರು ನಿಜವಾದ ನರ್ತಕರಾದ್ದರಿಂದ ಮಾಡಿಸುವ ಅಗತ್ಯವೇ ಬರಲಿಲ್ಲವೇನೋ. ಸ್ವಲ್ಪ ಹೊತ್ತಿಗೆ ಅಭ್ಯಾಸ ಮುಂದುವರಿಯುತ್ತದೆ, ಅವಳ ಜಾಗಕ್ಕೆ ಇನ್ನೊಬ್ಬಳು ಬರುತ್ತಾಳೆ, ಚಿತ್ರ ಅವಳ ಬಗ್ಗೆ ಮತ್ತೆ ಹೆಚ್ಚು ಮಾತನಾಡುವುದಿಲ್ಲ. ಮೊದಲಿಗೆ, ನಿರ್ದೇಶಕರು ಇವಳನ್ನು ಮರೆತೇಬಿಟ್ಟರು ಎಂದು ಸಿಟ್ಟು ಬಂದಿತ್ತು.

ಸಿಟ್ಟು ಇಳಿಯಲು ನನಗೆ ಒಂದು ಹಳೆಯ ನೆನಪು ಬೇಕಾಯಿತು. ನಾನು ಏಳೆಂಟು ವರ್ಷದವನಿದ್ದಾಗ ಸೋದರಮಾವ ನನ್ನನ್ನು ಬಯಲಾಟಕ್ಕೆ ಕರೆದೊಯ್ದು, ಪರಿಚಯದ ಸಲುಗೆಯಿಂದ ಚೌಕಿಯ, ಅಂದರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದ, ಒಳಗೆ ಕೂರಿಸಿದ್ದರು. ಪ್ರಸಂಗ ‘ಬಭ್ರುವಾಹನ ಕಾಳಗ’. ಬಭ್ರುವಾಹನನ ವೇಷ ಕಟ್ಟಿದ್ದ ಕಲಾವಿದರ ಮೊಣಕಾಲು ತೆಂಗಿನಕಾಯಿಯಷ್ಟು ಊದಿಕೊಂಡಿತ್ತು. ಯಕ್ಷಗಾನದ ಬಡಗುತಿಟ್ಟು ಎಂಬ ಶೈಲಿಯಲ್ಲಿ ಮಂಡಿಯೂರಿ ಗಿರಗಿರನೆ ತಿರುಗುವ ಕುಣಿತವಿದೆ. ಮಳೆಗಾಲ ಮುಗಿದ ಮೇಲಿನ ತಿರುಗಾಟದಲ್ಲಿ ದಿನಬಿಟ್ಟು ದಿನವಾದರೂ ಅದನ್ನು ಮಾಡಿದ ಮೊಣಕಾಲು ಬೇಸಿಗೆಯ ಹೊತ್ತಿಗೆ ಹೇಗಿರಬೇಕೋ ಹಾಗಿತ್ತು. ಯಾರೋ ಎಣ್ಣೆ ಬಿಸಿ ಮಾಡಿ ತಂದರು. ಅವರು ಬಟ್ಟೆ ಸುತ್ತಿ, ಅದರ ಮೇಲೆ ಚಲ್ಲಣ ಎಳೆದು, ಗೆಜ್ಜೆ ಕಟ್ಟಿ, ಚೆಂಡೆಯ ಸದ್ದಿಗೆ ಎದ್ದುಹೋದರು. ರಂಗದ ಮೇಲೆ ಕುಣಿದದ್ದನ್ನು ನಾನು ಚೌಕಿಯ ಸಂದಿಯಿಂದ ನೋಡಿದೆ: ನೋವಿನ ಒಂದು ಗೆರೆಯೂ ಇರಲಿಲ್ಲ. ಒಳಗೆ ಬಂದವರು ಮರದ ಪೆಟ್ಟಿಗೆಯ ಮೇಲೆ ಕುಸಿದರು. ಯುದ್ಧದ ಭಾಗಕ್ಕೆ ಅವರು ಏಳಲೇ ಇಲ್ಲ. ಅಷ್ಟರಲ್ಲಿ ಇನ್ನೊಬ್ಬರು ಆ ಕಿರೀಟವನ್ನು ತಲೆಗೇರಿಸಿಕೊಂಡು ಹೊರಟಿದ್ದರು. ಯಾರೂ ಗಾಬರಿಯಾಗಲಿಲ್ಲ, ಯಾರೂ ಸಮಾಧಾನ ಹೇಳಲಿಲ್ಲ. ಒಬ್ಬರು ಚಹಾದ ಲೋಟ ಕೈಗಿಟ್ಟು ತಮ್ಮ ಬಣ್ಣದ ಕಡೆಗೆ ತಿರುಗಿದರು.

ಜಾಫ್ರಿಯ ಅಭ್ಯಾಸದ ಕೋಣೆಯಲ್ಲಿ ಆ ಚೌಕಿಯ ಗಾಳಿಯೇ ಇತ್ತು. ಬ್ಯಾಲೆಗೂ ಬಡಗುತಿಟ್ಟಿಗೂ ಹೋಲಿಕೆ ಹುಡುಕುವ ಉತ್ಸಾಹ ನನಗಿಲ್ಲ. ಒಂದು ನೆಲವನ್ನು ನಿರಾಕರಿಸಿ ಮೇಲಕ್ಕೇರುವ ಕಲೆ, ಇನ್ನೊಂದು ನೆಲವನ್ನು ಗುದ್ದಿ ಎಬ್ಬಿಸುವ ಕಲೆ. ಆದರೆ ಮೈಯನ್ನೇ ಬಂಡವಾಳ ಮಾಡಿಕೊಂಡ ಕಡೆ ಮೈಯ ಬಗ್ಗೆ ಒಂದು ಬಗೆಯ ಒಣ ವ್ಯವಹಾರಜ್ಞಾನ ಬೆಳೆಯುತ್ತದೆ. ಬ್ಯಾಲೆ ನರ್ತಕಿಯ ಪಾಯಿಂಟ್ ಶೂವನ್ನೇ ನೋಡಿ. ಬಟ್ಟೆ, ಕಾಗದ, ಅಂಟುಗಳನ್ನು ಪದರಪದರವಾಗಿ ಮೆತ್ತಿ ಮಾಡಿದ ಗಟ್ಟಿ ತುದಿ, ಮೇಲೆ ನುಣುಪಾದ ಸ್ಯಾಟಿನ್. ಹೊಸ ಜೋಡಿ ಕೈಗೆ ಬಂದ ಕೂಡಲೇ ನರ್ತಕಿ ಅದನ್ನು ನೆಲಕ್ಕೆ ಬಡಿಯುತ್ತಾಳೆ, ಬಾಗಿಸುತ್ತಾಳೆ, ಅಟ್ಟೆಯನ್ನು ಬ್ಲೇಡಿನಿಂದ ಕೊರೆಯುತ್ತಾಳೆ, ತುದಿಗೆ ದಾರದ ಹೊಲಿಗೆ ಹಾಕುತ್ತಾಳೆ, ರಿಬ್ಬನ್ ತಾನೇ ಹೊಲಿದುಕೊಳ್ಳುತ್ತಾಳೆ, ಜಾರದಿರಲೆಂದು ರಾಳದ ಪುಡಿ ತುಳಿಯುತ್ತಾಳೆ. ಇಷ್ಟೆಲ್ಲ ಆದ ಮೇಲೆ ಆ ಶೂ ಕಷ್ಟದ ಪಾತ್ರವಾದರೆ ಒಂದೇ ಸಂಜೆಗೆ ಮುಗಿದುಹೋಗುತ್ತದೆ. ಅಂಟು ಬೆವರಿಗೆ ಕರಗಿ ಮೆತ್ತಗಾದ ಶೂವಿನ ಬಗ್ಗೆ ಯಾರೂ ಭಾವುಕರಾಗುವುದಿಲ್ಲ. ಹೊಸ ಜೋಡಿ ತೆಗೆಯುತ್ತಾರೆ.

ಚಿತ್ರದ ಅತ್ಯಂತ ಸುಂದರ ಭಾಗ ಶಿಕಾಗೋದ ಗ್ರ್ಯಾಂಟ್ ಪಾರ್ಕಿನ ಬಯಲು ರಂಗಮಂದಿರದ ಪ್ರದರ್ಶನ. ಒಬ್ಬಳಿಗೆ ಪೆಟ್ಟಾಗಿ ರೈಗೆ ಅವಳ ಜಾಗ ಸಿಕ್ಕಿರುತ್ತದೆ. ಅವಕಾಶ ಇಲ್ಲಿ ಯಾವಾಗಲೂ ಇನ್ನೊಬ್ಬರ ಮೂಳೆಯ ಮೇಲಿಂದಲೇ ಬರುತ್ತದೆ. ಲಾರ್ ಲುಬೊವಿಚ್ ಸಂಯೋಜಿಸಿದ ಯುಗಳ ನೃತ್ಯ, ‘ಮೈ ಫನಿ ವ್ಯಾಲೆಂಟೈನ್’ ಎಂಬ ಹಳೆಯ ಹಾಡಿನ ಮೇಲೆ ಕಟ್ಟಿದ್ದು. ನರ್ತಿಸುತ್ತಿರುವಾಗಲೇ ಮೋಡ ಕವಿಯುತ್ತದೆ, ಗಾಳಿ ಏಳುತ್ತದೆ, ತರಗೆಲೆಗಳು ರಂಗದ ಮೇಲೆ ಹಾರಿಬರುತ್ತವೆ. ಸಭಿಕರು ಒಬ್ಬೊಬ್ಬರಾಗಿ ಕೊಡೆ ಬಿಚ್ಚುತ್ತಾರೆ. ಒಳಗಿನವರಿಗೆ ಆತಂಕ: ಒದ್ದೆಯಾದ ನೆಲದ ಮೇಲೆ ಜಾರಿದರೆ? ನಿಲ್ಲಿಸಬೇಕೇ? ಇಬ್ಬರು ನರ್ತಕರು ನಿಲ್ಲಿಸುವುದಿಲ್ಲ. ಗುಡುಗು ಮಿಂಚುಗಳ ನಡುವೆ ಅವಳು ಅವನ ಮೈಮೇಲಿಂದ ನೀರಿನಂತೆ ಜಾರಿ ಇಳಿಯುವಾಗ, ಇದು ಪ್ರೇಮದ ನೃತ್ಯವೋ, ಒಬ್ಬರನ್ನೊಬ್ಬರು ಬೀಳದಂತೆ ಹಿಡಿದುಕೊಳ್ಳುವ ಕೆಲಸವೋ ಎಂಬ ವ್ಯತ್ಯಾಸ ಅಳಿಸಿಹೋಗುತ್ತದೆ. ಸಭಿಕರಲ್ಲಿ ಯಾರೂ ಎದ್ದುಹೋಗದಿರುವುದನ್ನು ನೋಡಿ ನನಗೆ ಬಯಲಾಟದ ಕಂಬಳಿ ಹೊದ್ದ ಪ್ರೇಕ್ಷಕರು ನೆನಪಾದರು. ಈ ದೃಶ್ಯ ಸುಮಾರು ಹೊತ್ತು ನಡೆಯುತ್ತದೆ. ಆಲ್ಟ್‌ಮನ್ ಕತ್ತರಿ ಹಾಕುವ ಅವಸರ ತೋರುವುದಿಲ್ಲ.

ಅದೇ ಹಾಡು ಬೇರೆ ಬೇರೆ ದನಿಗಳಲ್ಲಿ ಚಿತ್ರದುದ್ದಕ್ಕೂ ಮರಳಿ ಬರುತ್ತದೆ. ಜಾಶ್ ಎಂಬ ಅಡುಗೆಯವನೊಂದಿಗೆ ರೈಯ ಗೆಳೆತನ ಬೆಳೆಯುವುದೂ ಅದರ ನೆರಳಿನಲ್ಲೇ. ಜೇಮ್ಸ್ ಫ್ರಾಂಕೋ ಆಡಿದ ಈ ಹುಡುಗನ ಪಾತ್ರಕ್ಕೆ ಕಥೆಯೇ ಇಲ್ಲವೆಂದು ಬಹಳ ಮಂದಿ ದೂರಿದ್ದಾರೆ. ನನಗೋ ಆ ಭಾಗವೇ ಇಷ್ಟ. ಇಬ್ಬರೂ ಕೈಕಾಲಿನ ಕೆಲಸದವರು, ಇಬ್ಬರ ಕೆಲಸದ ಹೊತ್ತೂ ಲೋಕದ ಹೊತ್ತಿಗೆ ಹೊಂದುವುದಿಲ್ಲ, ಸಿಕ್ಕಾಗ ಇಬ್ಬರೂ ದಣಿದಿರುತ್ತಾರೆ. ಬೆಳಿಗ್ಗೆ ಎದ್ದು ಅವಳ ಅಡುಗೆಮನೆಯಲ್ಲಿ ಸಿಕ್ಕ ಸಾಮಾನಿನಿಂದ ಅವನು ಮೊಟ್ಟೆಯ ತಿಂಡಿ ಮಾಡುವ ದೃಶ್ಯದಲ್ಲಿ ಮಾತು ಕಡಿಮೆ. ಅವಳು ಅವನ ಕೈಗಳನ್ನು ನೋಡುತ್ತಾಳೆ, ಒಬ್ಬ ಕಸುಬುದಾರಳು ಇನ್ನೊಬ್ಬ ಕಸುಬುದಾರನನ್ನು ನೋಡುವಂತೆ.

ಚಿತ್ರ ಎಲ್ಲವನ್ನೂ ಹೇಳಿದೆ ಎಂದು ನಾನು ವಾದಿಸುವುದಿಲ್ಲ. ತೂಕದ ಭಯ, ಊಟ ಬಿಡುವ ಕಾಯಿಲೆ, ಕನ್ನಡಿಯ ಮುಂದೆ ದಿನಕ್ಕೆ ಹಲವು ಗಂಟೆ ನಿಂತು ತನ್ನ ಮೈಯನ್ನೇ ದ್ವೇಷಿಸಲು ಕಲಿಯುವುದು, ಇವೆಲ್ಲ ಬ್ಯಾಲೆ ಲೋಕದ ನಿಜಗಳು. ಕಂಪನಿಯ ಬಾಗಿಲು ತೆರೆಸಿಕೊಂಡು ಒಳಗೆ ಬಂದ ಅತಿಥಿಯ ದಾಕ್ಷಿಣ್ಯಕ್ಕೋ ಏನೋ, ಚಿತ್ರ ಅವುಗಳ ಹತ್ತಿರ ಸುಳಿದು ಸರಿದುಹೋಗುತ್ತದೆ. ಮೂವತ್ತೈದು ದಾಟಿದವರಿಗೆ ಮುಂದೇನು ಎಂಬ ಪ್ರಶ್ನೆಯನ್ನೂ ಅದು ಬೆಳೆಸುವುದಿಲ್ಲ. ಫ್ರೆಡರಿಕ್ ವೈಸ್‌ಮನ್ ಅವರು ಪ್ಯಾರಿಸ್ ಒಪೆರಾ ಬ್ಯಾಲೆಯ ಕುರಿತು ಮಾಡಿದ, 2009ರಲ್ಲಿ ಬಂದ ‘ಲಾ ದಾನ್ಸ್’ ಸಾಕ್ಷ್ಯಚಿತ್ರದಲ್ಲಿ ಈ ಪ್ರಶ್ನೆಗೆ ಜಾಗವಿದೆ. ಅಲ್ಲಿನ ನರ್ತಕರು ನಲವತ್ತೆರಡಕ್ಕೆ ನಿವೃತ್ತರಾಗುತ್ತಾರೆ, ಪಿಂಚಣಿ ಪಡೆಯುತ್ತಾರೆ, ಆ ಪಿಂಚಣಿಯ ಚರ್ಚೆಗೆ ಸಭೆ ಸೇರುತ್ತಾರೆ. ಅರಮನೆಯಂಥ ಆ ಕಟ್ಟಡದ ಚಾವಣಿಯ ಮೇಲೆ ಜೇನು ಸಾಕುವವನೊಬ್ಬ ತನ್ನ ಪಾಡಿಗೆ ಪೆಟ್ಟಿಗೆ ತೆರೆದು ನೋಡುತ್ತಿರುತ್ತಾನೆ. ಸರ್ಕಾರ ಸಾಕುವ ಕಲೆಗೂ ದಾನಿಗಳ ಔತಣಕೂಟದಿಂದ ಬದುಕುವ ಕಲೆಗೂ ಇರುವ ಅಂತರವನ್ನು ಅರಿಯಬೇಕಾದವರು ಈ ಎರಡನ್ನೂ ಒಂದರ ಹಿಂದೊಂದು ನೋಡಬೇಕು. ವೈಸ್‌ಮನ್ ಚಿತ್ರದಲ್ಲಿ ನಿರೂಪಣೆಯಿಲ್ಲ, ಸಂದರ್ಶನವಿಲ್ಲ. ಆದರೂ ನನಗೆ ಆಲ್ಟ್‌ಮನ್ ಅವರದೇ ಹೆಚ್ಚು ನಿಜವೆನ್ನಿಸಿದ್ದು ಒಂದು ಸೋಜಿಗ.

ಕೊನೆಯ ನೃತ್ಯ ‘ಬ್ಲೂ ಸ್ನೇಕ್’ ನನಗೆ ಹಿಡಿಸಲಿಲ್ಲ. ರಾಬರ್ಟ್ ಡೆರೋಸಿಯೆ ಸಂಯೋಜಿಸಿದ, ದೈತ್ಯ ಬೊಂಬೆಗಳೂ ಪ್ರಾಣಿಗಳ ವೇಷಗಳೂ ತುಂಬಿದ ಗದ್ದಲದ ಕೃತಿ. ಚಿತ್ರದೊಳಗಿನ ಡೆರೋಸಿಯೆ, ತಮ್ಮದೇ ಪಾತ್ರದಲ್ಲಿ ಬಂದು ಅದನ್ನು ವಿವರಿಸುವಾಗ ನರ್ತಕರ ಮುಖದಲ್ಲಿ ಕಾಣುವ ಅನುಮಾನವೇ ನನ್ನದೂ. ಕಳಪೆಯೆಂದು ಮನಸ್ಸಿಗೆ ಅನ್ನಿಸಿದ್ದನ್ನೂ ಮೈ ಪೂರಾ ಮಾಡಿ ತೋರಿಸಬೇಕಾದದ್ದು ಕಂಪನಿಯ ಸಂಬಳದವರ ಕರ್ಮ. ಪ್ರದರ್ಶನದ ನಡುವೆ ರೈ ಬೀಳುತ್ತಾಳೆ. ತೋಳಿಗೆ ಪೆಟ್ಟು. ಕ್ಷಣಗಳಲ್ಲಿ ಅವಳನ್ನು ಬದಿಗೆ ತರುತ್ತಾರೆ, ಅವಳ ಪಾತ್ರವನ್ನು ಕಲಿತು ಕಾದಿದ್ದ ಇನ್ನೊಬ್ಬಳು ಬೆಳಕಿಗೆ ಹೋಗುತ್ತಾಳೆ. ಬಣ್ಣಗಳು ತಿರುಗುತ್ತಲೇ ಇರುತ್ತವೆ. ಮುಂದಿನ ಸಾಲಿನಲ್ಲಿ ಕುಳಿತವರಿಗೂ ಬದಲಾದದ್ದು ತಿಳಿದಿರಲಾರದು. ಪರದೆ ಬೀಳುತ್ತದೆ, ಏಳುತ್ತದೆ, ನರ್ತಕರು ಕೈಕೈ ಹಿಡಿದು ಬಾಗುತ್ತಾರೆ, ಚಪ್ಪಾಳೆ ನಿಲ್ಲದೆ ಕೇಳಿಬರುತ್ತದೆ.

ಅಂದಿನ ಬಯಲಾಟ ಮುಗಿದು ಬೆಳಗಿನ ಮೊದಲ ಬಸ್ಸಿನಲ್ಲಿ ಊರಿಗೆ ಮರಳುವಾಗ ನನಗೆ ಒಂದೇ ಚಿಂತೆ. ಪಕ್ಕದಲ್ಲಿ ತೂಕಡಿಸುತ್ತಿದ್ದ ಮಾವನ ಶಾಲು ಎಳೆದು ಕೇಳಿದೆ: “ಮಾವ, ಯುದ್ಧಕ್ಕೆ ಬಂದ ಬಭ್ರುವಾಹನ ಯಾರು?”

ಮಾವ ಕಣ್ಣು ತೆರೆಯದೆಯೇ ಹೇಳಿದರು: “ಬಭ್ರುವಾಹನನೇ ಕಣೋ.”